ಬಾಲ ಒಳಗೆ ಬಂದ ತಿರುವು

ಬೆಂಚು ಮೂರು ತುಂಡಾಗಿ ಬಿದ್ದಿತ್ತು.

ಅದೇನು ಅಂತಿಂಥ ಬೆಂಚಲ್ಲ. ಲಾರಿ ಯಾರ್ಡಿನ ಗೇಟಿನ ಪಕ್ಕ, ತಿರುವಿನ ಒಳಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಕಲ್ಲಿನ ಬೆಂಚು. ಕಾವಲು ಕಾಯುವ ಗೇಟಿನ ತಾತ ಹಗಲೆಲ್ಲ ಅದರ ಮೇಲೆ ಕೂತು, ಹೋಗುವ ಬರುವ ಲಾರಿಗಳಿಗೆಲ್ಲ ಕೈ ಬೀಸುತ್ತಿದ್ದ. ಈಗ ಬೆಂಚೂ ಇಲ್ಲ, ಹಿಂದಿನ ಗೋಡೆಯೂ ನೆಟ್ಟಗಿಲ್ಲ. ಪಕ್ಕದಲ್ಲೇ ಉದ್ದನೆಯ ಟ್ರೇಲರೊಂದು ತಪ್ಪು ಮಾಡಿದ ಎಮ್ಮೆಯ ಹಾಗೆ ಸುಮ್ಮನೆ ನಿಂತಿತ್ತು.

"ಟೀ ಲೋಟ ತೊಳೆಯೋಕೆ ನಲ್ಲಿ ಹತ್ರ ಎದ್ದು ಹೋಗಿದ್ದೆ ಕಣಮ್ಮ," ಅಂದ ತಾತ. "ಆಯಸ್ಸು ಗಟ್ಟಿ ಇತ್ತು. ಇಲ್ಲದಿದ್ರೆ ನೀನು ಬೆಂಚು ನೋಡೋಕೆ ಬರ್ತಿರಲಿಲ್ಲ, ನನ್ನ ನೋಡೋಕೆ ಬರ್ತಿದ್ದೆ."

ಚೂಟಿ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಲಾರಿ ಅಪಘಾತ ಆದ ಕಡೆ ಹೋಗಿ, ಯಾಕಾಯಿತು, ಯಾರಿಂದಾಯಿತು ಅಂತ ಪತ್ತೆ ಹಚ್ಚುವುದು ಅವಳ ಕೆಲಸ. ವಿಮೆಯವರು ಬೆಳಿಗ್ಗೆ ಫೋನು ಮಾಡಿ ಕಳಿಸಿದ್ದರು. ಇಂಥ ಎಷ್ಟೋ ಗೋಡೆ, ಎಷ್ಟೋ ಕಂಬ ನೋಡಿದವಳು. ಆದರೆ ಗಾಡಿ ಯಾರ ಕೈಯಲ್ಲಿತ್ತು ಅಂತ ಕೇಳಿದಾಗ ಬಂದ ಉತ್ತರವನ್ನು ಅವಳು ಎರಡು ಸಲ ಹೇಳಿಸಿಕೊಂಡಿದ್ದಳು. ಮಾಮನ ಕೈಯಲ್ಲಿ!

ಸ್ವಂತ ಮಾಮ ಏನಲ್ಲ. ಯಾರ್ಡಿಗೆಲ್ಲ ಅವನು ಮಾಮನೇ. ಟ್ರೇಲರ್ ಓಡಿಸುವುದನ್ನು ಚೂಟಿಗೆ ಕಲಿಸಿದವನು, ಅವಳ ಚುರುಕು ನೋಡಿ ಚೂಟಿ ಅಂತ ಹೆಸರಿಟ್ಟವನೂ ಅವನೇ. ಇದೇ ಗೇಟಿನ ತಿರುವಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತು ಒಂದೇ ಪಾಠ ಹೇಳುತ್ತಿದ್ದ. "ತಿರುವಿಗೆ ಮುಂಚೆನೇ ವೇಗ ಇಳಿಸು, ಒಳಗೆ ಹೋದ ಮೇಲೆ ಬ್ರೇಕಿನ ಮೇಲೆ ಕುಣಿಬೇಡ. ಮೂತಿ ಹೊರಗಿಂದ ತಗೊಂಡು ಹೋಗು. ಕಣ್ಣು ಕನ್ನಡಿ ಮೇಲಿರಲಿ. ತಲೆ ತಿರುಗಿತು ಅಂತ ಬಾಲಾನೂ ತಿರುಗಿತು ಅಂದ್ಕೋಬೇಡ ಮಗಳೇ, ಬಾಲ ಯಾವತ್ತೂ ಒಳದಾರಿ ಹಿಡಿಯುತ್ತೆ!" ತಲೆ ಅಂದರೆ ಮುಂದಿನ ಲಾರಿ, ಬಾಲ ಅಂದರೆ ಹಿಂದೆ ಜೋಡಿಸಿದ ಟ್ರೇಲರು.

ಅಂಥ ಮಾಮನ ಬಾಲ ಬೆಂಚಿನ ಮೇಲೆ ಹತ್ತಿತ್ತು.

ಯಾರ್ಡಿನ ಯಜಮಾನರು ಲಾರಿಯ ಕೀ ಬೆರಳಲ್ಲಿ ತಿರುಗಿಸುತ್ತಾ ಬಂದರು. "ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಮೇಡಂ? ವಯಸ್ಸಾಯ್ತು. ಕಣ್ಣು ಮಂಜಾಗಿರುತ್ತೆ, ಇಲ್ಲಾ ತೂಕಡಿಸಿರ್ತಾನೆ. ತಾತ ಕೂತಿದ್ದಿದ್ರೆ? ಒಂದು ಜೀವ ಹೋಗ್ತಿತ್ತು. ನೀವು 'ಅಜಾಗ್ರತೆ' ಅಂತ ಬರೆದುಕೊಟ್ಟರೆ, ಇನ್ನು ಅವನ ಕೈಗೆ ಸ್ಟೇರಿಂಗ್ ಇಲ್ಲ."

"ಸಂಜೆ ಬರೆದುಕೊಡ್ತೀನಿ ಸರ್. ಅಲ್ಲೀತನಕ ಯಾರೂ ಗಾಡಿ ಮುಟ್ಟಬೇಡಿ."

"ಬರೆಯೋದು ಏನಿದೆ ಅಂತ? ತಪ್ಪು ತನ್ನದೇ ಅಂತ ಅವನೇ ಒಪ್ಪಿಕೊಂಡಿದ್ದಾನಲ್ಲ!"

ಚೂಟಿ ತಲೆ ಎತ್ತಿದಳು. ಒಪ್ಪಿಕೊಂಡಿದ್ದಾನಾ?

ಅವಳು ಮೊದಲು ನೆಲ ನೋಡಿದಳು. ಮುಂದಿನ ಲಾರಿಯ ಚಕ್ರದ ಗುರುತು ತಿರುವಿನ ಹೊರ ಅಂಚನ್ನು ಸವರಿಕೊಂಡು ಹೋಗಿತ್ತು. ಮಾಮ ಎಂದೂ ಹೋಗುವ ದಾರಿ ಅದು. ನಿದ್ದೆ ಮಾಡಿದವನು ಇಷ್ಟು ಚೆಂದ ಹೊರಗಿಂದ ಬರುತ್ತಾನಾ? ಬೆಂಚಿನ ಹತ್ತಿರ ಹಿಂದಿನ ಚಕ್ರಗಳು ಉಜ್ಜಿದ ಕಪ್ಪು ಗೀಟು, ಅದೂ ಗಿಡ್ಡ. ಕನ್ನಡಿಯಲ್ಲಿ ಕಂಡ ಕೂಡಲೇ ಬ್ರೇಕು ಒತ್ತಿದ್ದಾನೆ. ಕಣ್ಣು ಮಂಜಲ್ಲ. ಹಾಗಾದರೆ ತಲೆ ಸರಿಯಾಗಿ ಬಂದು ಬಾಲ ಮಾತ್ರ ಹೇಗೆ ಒಳಗೆ ಬಂತು?

ಅವಳು ಬಗ್ಗಿ ಟ್ರೇಲರಿನ ಹೊಟ್ಟೆಯ ಕೆಳಗೆ ನುಗ್ಗಿದಳು. ಹೊರಗೆ ಬಂದಾಗ ಮುಖಕ್ಕೆಲ್ಲ ಧೂಳು, ಕಣ್ಣಲ್ಲಿ ಮಾತ್ರ ಬೆಳಕು.

"ತಾತಾ, ಈ ಟ್ರೇಲರಿನ ಆಕ್ಸಲ್ ಯಾರು ಸರಿಸಿದ್ದು?"

ಇದೊಂದು ಸಂಗತಿ ತಿಳಿದಿರಬೇಕು. ಈ ಟ್ರೇಲರುಗಳ ಹಿಂದಿನ ಆಕ್ಸಲ್, ಅಂದರೆ ಚಕ್ರಗಳನ್ನು ಹೊತ್ತ ಅಚ್ಚು, ಒಂದೇ ಕಡೆ ಕೂತಿರುವುದಿಲ್ಲ. ಪಿನ್ನು ತೆಗೆದರೆ ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಸಾಮಾನು ಹೇರುವಾಗ, ಅದನ್ನು ಎತ್ತಿ ತರುವ ಫೋರ್ಕ್‌ಲಿಫ್ಟ್ ಒಳಗೆ ನುಗ್ಗಿದರೆ ಟ್ರೇಲರು ಎಗರಬಾರದು ಅಂತ ಆಕ್ಸಲ್ಲನ್ನು ಪೂರ್ತಿ ಹಿಂದಕ್ಕೆ ತಳ್ಳುತ್ತಾರೆ. ಹೇರಿದ ಮೇಲೆ ಮತ್ತೆ ಮುಂದೆ ತರಲೇಬೇಕು. ಹಿಂದೆಯೇ ಬಿಟ್ಟರೆ ನೇರ ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ತಿರುವಿನಲ್ಲಿ ಮಾತ್ರ ಬಾಲ ಮಾಮೂಲಿಗಿಂತ ಎರಡು ಮೊಳ ಒಳಗೆ ಬರುತ್ತದೆ.

ಹಳಿಯ ಮೇಲೆ ಒಂದು ಮಾರು ಜಾಗ ಧೂಳಿಲ್ಲದೆ ಫಳಫಳ ಹೊಳೆಯುತ್ತಿತ್ತು. ಆಕ್ಸಲ್ ನಿನ್ನೆಯವರೆಗೂ ಇದ್ದ ಜಾಗ ಅದು.

"ಹೇರಿದ್ದು ಗಡಿಬಿಡಿ," ಅಂದ ತಾತ. "ಅವನನ್ನೇ ಕೇಳಮ್ಮ."

ಫೋರ್ಕ್‌ಲಿಫ್ಟ್ ಓಡಿಸುವ ಗಡಿಬಿಡಿ ಹೆಸರಿಗೆ ತಕ್ಕ ಹಾಗೇ ಓಡಿಕೊಂಡು ಬಂದ. ನಲವತ್ತು ದಾಟಿದವನು, ಆದರೂ ನಿಂತ ಕಡೆ ನಿಲ್ಲುವವನಲ್ಲ.

"ನಿನ್ನೆ ರಾತ್ರಿ ಆಕ್ಸಲ್ ಸರಿಸಿದ್ದು ನಾನೇ ಅಕ್ಕ. ಅದು ನಮ್ಮ ಪದ್ಧತಿ. ಹೇರಿದ್ದು ಮುಗೀತು, ಸ್ಟೇರಿಂಗಿಗೆ ಬಟ್ಟೆ ಕಟ್ಟಿದೆ. ಅದೂ ಪದ್ಧತಿ. ಬಟ್ಟೆ ನೋಡಿದ ಡ್ರೈವರ್ ಇಳಿದು ಆಕ್ಸಲ್ ಮುಂದೆ ತರಬೇಕು. ಮಾಮ ತರಲಿಲ್ಲ, ನಾನೇನು ಮಾಡ್ಲಿ?"

"ಆ ಬಟ್ಟೆ ಈಗ ಎಲ್ಲಿದೆ?"

"ಅಲ್ಲೇ, ಮೊಳೆ ಮೇಲೆ. ಕ್ಯಾಬಿನ್ನಿನಲ್ಲಿ ಕೆಳಗೆ ಬಿದ್ದಿತ್ತು, ಎತ್ತಿ ತಂದು ನೇತುಹಾಕಿದೆ."

ಸಾಮಾನು ಹೇರುವ ಕಟ್ಟೆಯ ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಕೆಂಪು ಬಟ್ಟೆ. ಯಾರ್ಡಿಗೆಲ್ಲ ಗೊತ್ತಿರುವ ಬಟ್ಟೆ ಅದು. ಸ್ಟೇರಿಂಗಿನಲ್ಲಿ ಕೆಂಪು ಕಂಡರೆ ಇಳಿ, ಸರಿಸು. ಕಾಣದಿದ್ದರೆ ಗಾಡಿ ಇದ್ದ ಹಾಗೇ ಇದೆ, ಹೊರಡು. ಬೆಳಿಗ್ಗೆಯಿಂದ ಎಲ್ಲರೂ ಅದರ ಮುಂದೆಯೇ ಓಡಾಡಿದ್ದರು. ಚೂಟಿ ಅದನ್ನು ಮುಟ್ಟಿ ನೋಡಿದಳು, ಮೂಸಿದಳು, ಏನೂ ಹೇಳದೆ ಅಲ್ಲೇ ಬಿಟ್ಟಳು.

ಮಾಮ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದ. ಅವಳನ್ನು ನೋಡಿ ಎದ್ದು ನಿಲ್ಲಲು ಹೋದ. ಅವಳು ಹೆಗಲು ಹಿಡಿದು ತಡೆದಳು. ಕಲಿಸಿದವನು ಕಲಿತವಳ ಮುಂದೆ ಎದ್ದು ನಿಲ್ಲುವುದೆಂದರೇನು!

"ಕೂತ್ಕೋ ಮಾಮ. ಊಟ ಆಯ್ತಾ?"

"ಸೇರಲಿಲ್ಲ."

"ಬೆಳಿಗ್ಗೆ ಏನಾಯ್ತು ಹೇಳು."

"ಏನಾಗೋದು? ಬಟ್ಟೆ ಕಟ್ಟಿತ್ತು. ನಾನು ನೋಡ್ಲಿಲ್ಲ. ಹೊರಟೆ. ತಪ್ಪು ನಂದೇ. ಬರೆದು ಮುಗಿಸಿಬಿಡು ಮಗಳೇ."

"ಬಟ್ಟೆ ಯಾವ ಕಡೆ ಕಟ್ಟಿತ್ತು? ಎಡಕ್ಕೋ, ಬಲಕ್ಕೋ?"

"ಅದೆಲ್ಲ ಯಾರಿಗೆ ನೆನಪಿರುತ್ತೆ?"

"ಯಾವ ಬಣ್ಣ?"

"ಇದೊಳ್ಳೆ ಕಥೆ! ಕೆಂಪು. ಇನ್ಯಾವ ಬಣ್ಣ ಇರುತ್ತೆ?"

"ನೋಡ್ಲಿಲ್ಲ ಅಂತೀಯ, ಕೆಂಪು ಅಂತೀಯ."

ಮಾಮ ಮುಖ ಆ ಕಡೆ ತಿರುಗಿಸಿದ. ಇಷ್ಟು ವರ್ಷದಲ್ಲಿ ಅವನು ಸುಳ್ಳು ಹೇಳಿದ್ದನ್ನು ಚೂಟಿ ನೋಡಿರಲಿಲ್ಲ. ಅಭ್ಯಾಸವಿಲ್ಲದ ಕೆಲಸ, ಬರುತ್ತಲೂ ಇರಲಿಲ್ಲ.

ಅವಳು ಅವನನ್ನು ದಾಟಿ ಕ್ಯಾಬಿನ್ ಹತ್ತಿದಳು. ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದಳು. ಇಲ್ಲಿ ಬಟ್ಟೆ ಕಟ್ಟಿದ್ದರೆ ಕುರುಡನ ಕೈಗೂ ಸಿಗುತ್ತದೆ. ಈ ತಿರುವಿಗೆ ಸ್ಟೇರಿಂಗನ್ನು ಪೂರ್ತಿ ಸುತ್ತಬೇಕು. ಗಂಟು ಬೆರಳಿಗೆ ತಾಗದೆ ಸುತ್ತಲು ಸಾಧ್ಯವೇ ಇಲ್ಲ. ಅಂದರೆ ಮಾಮ ಹೊರಟಾಗ ಇಲ್ಲಿ ಬಟ್ಟೆ ಇರಲಿಲ್ಲ!

ಹಾಗಿದ್ದರೆ ಇತ್ತು ಅಂತ ಯಾಕೆ ಹೇಳುತ್ತಾನೆ? ತನ್ನ ಕುತ್ತಿಗೆಗೆ ತಾನೇ ಯಾಕೆ ಹಗ್ಗ ಹಾಕಿಕೊಳ್ಳುತ್ತಾನೆ?

ಉತ್ತರ ಅವಳ ಕಣ್ಣೆದುರೇ ಇತ್ತು. ಮುಂದಿನ ಗ್ಲಾಸು ಒಂದು ಬೆರಳ ಗುರುತೂ ಇಲ್ಲದ ಹಾಗೆ ಹೊಳೆಯುತ್ತಿತ್ತು. ಎರಡೂ ಕನ್ನಡಿ ಲಕಲಕ ಅನ್ನುತ್ತಿದ್ದವು. ಡ್ಯಾಶ್‌ಬೋರ್ಡಿನ ಮೇಲೆ, ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟ ಹಳದಿ ಬಟ್ಟೆ, ಸೋಪಿನ ವಾಸನೆ. ಮಾಮ ತನ್ನ ಕರ್ಚೀಫನ್ನೇ ನೆಟ್ಟಗೆ ಮಡಚುವವನಲ್ಲ. ಇದು ಮಾಮನ ಹೆಂಡತಿ, ಅತ್ತೆಯ ಕೈ. ಒರೆಸಲು ಬಂದವಳು ಸ್ಟೇರಿಂಗಿನ ಬಟ್ಟೆಯನ್ನೂ ಬಿಚ್ಚಿರಬೇಕು.

ಚೂಟಿ ಕ್ಯಾಬಿನ್ನಿಂದ ಇಳಿದು ಸೀದಾ ಅತ್ತೆಯ ಹತ್ತಿರ ಹೊರಟಳು.

ಮಾಮನ ಮನೆ ಯಾರ್ಡಿನ ಹಿಂದಿನ ಬೀದಿಯಲ್ಲೇ. ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ಬಾರೇ ಚೂಟಿ! ಲಾರಿ ತಾಗಿತಂತೆ, ಅವರೇನೂ ಸರಿಯಾಗಿ ಹೇಳ್ತಿಲ್ಲ. ಕೇಳಿದ್ರೆ 'ಏನಿಲ್ಲ ಬಿಡೇ' ಅಂತಾರೆ. ಏನಿಲ್ಲ ಅಂದ್ರೆ ಊಟ ಯಾಕೆ ವಾಪಸ್ ಬರುತ್ತೆ?" ಅಂದವಳೇ ಒಳಗೆ ಎಳೆದುಕೊಂಡು ಹೋದಳು. "ಕೆಲಸ ತೆಗೀತಾರಾ? ನಿಜ ಹೇಳು. ಮನೇಲಿ ಕೂತರೆ ಆ ಮನುಷ್ಯ ಮೂರು ದಿನಕ್ಕೆ ಮುದುಕ ಆಗಿಬಿಡ್ತಾರೆ."

"ನೋಡೋಣ ಅತ್ತೆ. ಕ್ಯಾಬಿನ್ ಗ್ಲಾಸು ದಿನಾ ನೀವೇ ಒರೆಸೋದಾ?"

"ಮತ್ತಿನ್ಯಾರು ಒರೆಸ್ತಾರೆ? ಅವರು ಮುಖ ತೊಳ್ಕೊಂಡು ಬರೋದ್ರೊಳಗೆ ಹೋಗಿ ಒರೆಸಿ ಬರ್ತೀನಿ. ನನಗೇನು ಲಾರಿ ವಿದ್ಯೆ ಬರುತ್ತಾ? ದಾರಿ ಚೆನ್ನಾಗಿ ಕಂಡರೆ ಮನೆಗೆ ಚೆನ್ನಾಗಿ ಬರ್ತಾರೆ. ಅಷ್ಟೇ ನನ್ನ ಲೆಕ್ಕ."

ಹಿತ್ತಲಿನ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಎರಡು ಅಂಗಿ, ಒಂದು ಹೊದಿಕೆ. ಕೊನೆಯಲ್ಲೊಂದು ಚೌಕುಳಿ ಟವೆಲ್, ಮೂಲೆಗಳು ಗಂಟು ಬಿಚ್ಚಿದ ಹಾಗೆ ಮುದುರಿದ್ದವು. ಮಧ್ಯದಲ್ಲಿ ಗ್ರೀಸಿನ ಕಲೆ.

"ಇದು ಯಾರದು ಅತ್ತೆ?" ಚೂಟಿ ಆದಷ್ಟು ಹಗುರಾಗಿ ಕೇಳಿದಳು.

"ಅದಾ? ಬೆಳಿಗ್ಗೆ ಸ್ಟೇರಿಂಗಿಗೆ ಸುತ್ತಿತ್ತು. ಥೂ, ಎಂಥ ಕೊಳಕು! ಇವರದೇ ಇರಬೇಕು ಅಂತ ಬಿಚ್ಚಿ ತಂದು ಒಗೆದೆ. ಕೆಂಪಿದ್ದಿದ್ರೆ ಮುಟ್ತಿರಲಿಲ್ಲ ನೋಡು. ಕೆಂಪು ಬಟ್ಟೆ ಯಾರ್ಡಿನದು, ಮುಟ್ಟಬೇಡ ಅಂದಿದ್ದಾರೆ." ಅತ್ತೆಯ ಮಾತು ಅಲ್ಲಿಗೆ ನಿಂತಿತು. "ಯಾಕೆ?"

"ಏನಿಲ್ಲ ಅತ್ತೆ," ಅಂದಳು ಚೂಟಿ. ಅಂದ ಮೇಲೆ, ತಾನೂ ಥೇಟ್ ಮಾಮನ ಹಾಗೇ ಹೇಳಿದೆ ಅಂತ ಅವಳಿಗೆ ಹೊಳೆಯಿತು.

ಯಾರ್ಡಿಗೆ ವಾಪಸಾದವಳೇ ಮಾಮನನ್ನು ಟ್ರೇಲರಿನ ಮರೆಗೆ ಕರೆದಳು.

"ಬಟ್ಟೆ ತೆಗೆದಿದ್ದು ಯಾರು ಅಂತ ನಿನಗೆ ಗೊತ್ತು ಮಾಮ. ನನಗೂ ಗೊತ್ತು."

ಮಾಮ ಅವಳ ಎರಡೂ ಕೈ ಹಿಡಿದುಕೊಂಡ. "ದಮ್ಮಯ್ಯ ಅಂತೀನಿ ಚೂಟಿ, ಅವಳ ಹೆಸರು ಎತ್ತಬೇಡ. ಆಕ್ಸಲ್ ನೋಡಿದ ಕೂಡ್ಲೇ ನನಗೆ ಅರ್ಥ ಆಯ್ತು. ಆದ್ರೆ ತನ್ನಿಂದ ತಾತನ ಜೀವ ಹೋಗ್ತಿತ್ತು ಅಂತ ಗೊತ್ತಾದ್ರೆ ಅವಳು ಬದುಕಿರೋವರೆಗೂ ಕೊರಗ್ತಾಳೆ. ಮತ್ತೆ ಆ ಗ್ಲಾಸು ಮುಟ್ಟಲ್ಲ. ಸ್ಟೇರಿಂಗ್ ಹೋದ್ರೆ ಹೋಗ್ಲಿ. ಎಷ್ಟು ತಿರುವು ತಿರುಗಿಸಿದ್ದೀನಿ, ಸಾಕು."

"ಅತ್ತೆಯನ್ನ ಒಂದು ಮಾತು ಕೇಳಿದ್ಯಾ?"

"ಹೇಗೆ ಕೇಳ್ಲಿ?"

"ಕೇಳಿದ್ರೆ ಅಲ್ಲೇ ಮುಗೀತಿತ್ತು ಮಾಮ. ಬಾ. ನನ್ನ ಮೇಲೆ ನಂಬಿಕೆ ಇದ್ರೆ ಗೇಟಿನ ಹತ್ರ ಬಾ."

ಗೇಟಿನ ಹತ್ತಿರ ಯಜಮಾನರು, ತಾತ, ಗಡಿಬಿಡಿ ಸೇರಿದ್ದರು. ಚೂಟಿ ಮುರಿದ ಬೆಂಚಿನ ತುಂಡಿನ ಮೇಲೆ ಮೊಳೆಯಿಂದ ತೆಗೆದು ತಂದಿದ್ದ ಆ ಕೆಂಪು ಬಟ್ಟೆ ಹರಡಿದಳು.

"ಸರ್, ಇಲ್ಲಿ ಇಬ್ಬರು ಸುಳ್ಳು ಹೇಳಿದ್ದಾರೆ. ಮಾತಾಡಿಕೊಂಡಲ್ಲ, ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು. ಗ್ರಹಚಾರ ನೋಡಿ, ಎರಡು ಸುಳ್ಳೂ ಸರಿಯಾಗಿ ಕೂಡಿಕೊಂಡವು. ಅದಕ್ಕೇ ನೀವು ನಂಬಿದ್ರಿ."

"ಯಾರು? ಏನು ಸುಳ್ಳು?"

"ಮಾಮ ಹೊರಟಾಗ ಸ್ಟೇರಿಂಗಿನಲ್ಲಿ ಬಟ್ಟೆ ಇರಲೇ ಇಲ್ಲ. ಇದ್ದಿದ್ರೆ ಈ ತಿರುವಿನಲ್ಲಿ ಕೈಗೆ ಸಿಕ್ಕೇ ಸಿಗ್ತಿತ್ತು. ತಲೆಯನ್ನ ಎಷ್ಟು ಹೊರಗೆ ತರಬೇಕೋ ಅಷ್ಟು ತಂದಿದ್ದಾನೆ, ಗುರುತು ನೋಡಿ. ಆಕ್ಸಲ್ ಮುಂದಿದೆ ಅಂತ ನಂಬಿದವನ ಲೆಕ್ಕ ಅದು."

"ಮತ್ತೆ ಇತ್ತು ಅಂತ ಯಾಕಂದ?"

"ಆಮೇಲೆ ಹೇಳ್ತೀನಿ. ಮೊದಲು ಈ ಬಟ್ಟೆ ನೋಡಿ. ಎಷ್ಟು ಕಾಲದಿಂದ ಮೊಳೆ ಮೇಲಿದೆ ಇದು?"

"ವರ್ಷದಿಂದ ಇದೆ."

"ವರ್ಷದಿಂದ ಗ್ರೀಸ್ ಕೈಯಲ್ಲಿ ಓಡಾಡಿದ ಬಟ್ಟೆಗೆ ಅಂಗಡಿಯ ಗಂಜಿ ವಾಸನೆ ಇರುತ್ತಾ? ಮಡಿಕೆ ಗೆರೆ ಇನ್ನೂ ಮಾಸಿಲ್ಲ. ಇದು ಇವತ್ತು ಬೆಳಿಗ್ಗೆ ಕೊಂಡಿದ್ದು. ಎಲ್ಲರೂ ನೋಡಿದ್ರಿ, ಮುಟ್ಟಿ ಯಾರೂ ನೋಡ್ಲಿಲ್ಲ. ಏನು ಗಡಿಬಿಡಿಯಣ್ಣ?"

ಜನ್ಮದಲ್ಲಿ ಮೊದಲ ಸಲ ಗಡಿಬಿಡಿ ನಿಂತಲ್ಲೇ ನಿಂತಿದ್ದ.

"ಹಳೆಯದು... ಹಳೆಯದನ್ನ ಮೊನ್ನೆ ಯಾವುದೋ ಲಾರಿಯವರು ಬಿಚ್ಚಿ ತಮ್ಮ ಜೊತೆಗೇ ತಗೊಂಡು ಹೋದ್ರು ಅಕ್ಕ. ಹುಡುಕೋಕೆ ಪುರುಸೊತ್ತಿರಲಿಲ್ಲ. ನನ್ನ ಹೆಗಲ ಮೇಲಿನ ಟವೆಲ್ಲೇ ಕಟ್ಟಿದೆ. ಕಟ್ಟಿದ್ದು ಮಾತ್ರ ಸತ್ಯ, ಆಣೆ ಮಾಡ್ತೀನಿ! ಬೆಳಿಗ್ಗೆ ನೋಡಿದ್ರೆ ಟವೆಲ್ಲೂ ಇಲ್ಲ, ಬೆಂಚೂ ಇಲ್ಲ. ಹೆದರಿ ಹೊಸದು ತಂದು ಹಾಕಿಬಿಟ್ಟೆ."

"ಟವೆಲ್ಲಾ!" ಮಾಮ ಮೆಲ್ಲಗೆ ಅಂದ. "ಕೆಂಪಲ್ವಾ?"

"ಕೆಂಪಲ್ಲ ಮಾಮ," ಅಂದಳು ಚೂಟಿ. "ಕೆಂಪಾಗಿದ್ರೆ ಅದು ಅಲ್ಲೇ ಇರ್ತಿತ್ತು. ಕೊಳಕು ಟವೆಲ್ ಅಂತ ಯಾರೋ ಒಳ್ಳೇ ಮನಸ್ಸಿನಿಂದ ತೆಗೆದಿದ್ದಾರೆ. ಯಾರು ಅಂತ ಇಲ್ಲಿ ಬೇಕಿಲ್ಲ."

"ಯಾಕೆ ಬೇಕಿಲ್ಲ? ನಾನೇ ತೆಗೆದಿದ್ದು."

ಎಲ್ಲರೂ ತಿರುಗಿದರು. ಅತ್ತೆ! ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಚೌಕುಳಿ ಟವೆಲ್. ಓಡಿ ಬಂದಿದ್ದಳೇನೋ, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಚೂಟಿ, ನೀನು 'ಏನಿಲ್ಲ' ಅಂದಾಗಲೇ ಗೊತ್ತಾಯ್ತು, ಏನೋ ಇದೆ ಅಂತ. ಮೂವತ್ತು ವರ್ಷದಿಂದ ಅದೇ ಮಾತು ಕೇಳ್ತಿದ್ದೀನಿ." ಆಮೇಲೆ ಮುರಿದ ಬೆಂಚು ಅವಳ ಕಣ್ಣಿಗೆ ಬಿತ್ತು, ಬೆಂಚಿನ ಪಕ್ಕ ನಿಂತ ತಾತ ಕಂಡ. ಡಬ್ಬಿ ಕೆಳಗಿಟ್ಟು ಅವನ ಕಡೆ ಓಡಿದಳು. "ಅಯ್ಯೋ, ತಾತಾ..."

"ನನಗೇನಾಗಿದೆ? ಬಂಡೆ ಹಂಗಿದ್ದೀನಿ," ಅಂದ ತಾತ. "ಅಳಬೇಡ ಕಣಮ್ಮ. ಆ ಬೆಂಚು ಬಲು ತಣ್ಣಗಿತ್ತು, ಸೊಂಟ ಹಿಡಿದುಕೊಳ್ತಿತ್ತು."

ಅತ್ತೆ ಗಂಡನ ಕಡೆ ತಿರುಗಿದಳು. "ಅಲ್ಲಾ ರೀ, ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಅಳ್ತಿದ್ದೆ."

"ಕೇಳಲಿಲ್ಲ ಅಂತ ಈಗ ಅಳ್ತಿದ್ದೀನಲ್ಲ! ಕೇಳಿದ್ರೆ, ಕೆಂಪು ಬಟ್ಟೆ ನಾನು ನೋಡೇ ಇಲ್ಲ ಅಂತಿದ್ದೆ. ಟವೆಲ್ ತೋರಿಸ್ತಿದ್ದೆ. ಊಟದ ಹೊತ್ತಿಗೆ ಮುಗೀತಿತ್ತು. ನಿಮ್ಮ ಸ್ಟೇರಿಂಗು ನನಗಾಗಿ ಬಿಟ್ಟುಕೊಡಿ ಅಂತ ನಾನು ಕೇಳಿದ್ನಾ?"

ಮಾಮ ಹೆಗಲ ಮೇಲಿನ ಬಟ್ಟೆಯಿಂದ ಹೆಂಡತಿಯ ಕಣ್ಣು ಒರೆಸಿದ, ಎಲ್ಲರ ಮುಂದೆ. ಆಮೇಲೆ ತನ್ನದನ್ನು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಮೇಡಂ, ತಪ್ಪಿತಸ್ಥರು ಯಾರು ಅಂತ ಬರೀತೀರಿ?"

"ಗಡಿಬಿಡಿಯಣ್ಣ. ಕೆಂಪು ಇಲ್ಲದಿದ್ರೆ ಬಾಯಿಬಿಟ್ಟು ಹೇಳಬೇಕಿತ್ತು, ಟವೆಲ್ ಕಟ್ಟಬಾರದಿತ್ತು. ಕಟ್ಟಿದ್ದನ್ನಂತೂ ಮುಚ್ಚಿಡಲೇಬಾರದಿತ್ತು. ಒಬ್ಬ ಮನುಷ್ಯನ ಬಾಳು ಇವತ್ತು ಸಂಜೆಗೆ ಮುಗೀತಿತ್ತು." ಚೂಟಿ ಮಾಮನ ಕಡೆ ನೋಡಿದಳು. ಪ್ರೀತಿ ಇದೆ ಅಂತ ಅವಳು ಯಾರನ್ನೂ ಬಿಡುವವಳಲ್ಲ. "ಮಾಮನ ತಪ್ಪೂ ಇದೆ. ಬಟ್ಟೆ ಇಲ್ಲ ಅನ್ನೋದನ್ನೇ ನಂಬಿ, ಇಳಿದು ಒಂದು ಸುತ್ತು ಹಾಕದೇ ಹೊರಟಿದ್ದಕ್ಕೆ. ಸುಳ್ಳು ಹೇಳಿದ್ದಕ್ಕೆ ಅತ್ತೆ ಮನೆಯಲ್ಲಿ ನೋಡ್ಕೋತಾರೆ. ಅಜಾಗ್ರತೆಯಿಂದ ಓಡಿಸಿದ ಅಂತ ಮಾತ್ರ ನಾನು ಬರೆಯಲ್ಲ, ಸರ್. ಇಷ್ಟು ಜಾಗ್ರತೆಯಾಗಿ ಈ ತಿರುವು ತಗೊಂಡವರನ್ನ ನಾನು ನೋಡಿಲ್ಲ."

"ಒಪ್ಪಿದೆ ಮಗಳೇ," ಅಂದ ಮಾಮ. "ಸುತ್ತು ಹಾಕಬೇಕಿತ್ತು."

ಗಡಿಬಿಡಿ ತಲೆ ತಗ್ಗಿಸಿ ಬಂದು ಮಾಮನ ಮುಂದೆ ನಿಂತ. "ಬೆಂಚು ನಾನೇ ಕಟ್ಟಿಕೊಡ್ತೀನಿ ಮಾಮ. ಗೋಡೆನೂ."

"ನಿಧಾನಕ್ಕೆ ಕಟ್ಟಪ್ಪ," ಅಂದ ತಾತ. "ನಿನ್ನ ಗಡಿಬಿಡಿಯಲ್ಲಿ ಕಟ್ಟಿದ್ರೆ ನಾನು ಅದರ ಮೇಲೆ ಕೂರಲ್ಲ."

ಎಲ್ಲರಿಗೂ ನಗು ಬಂತು. ಅತ್ತೆಗೂ ಬಂತು. ಅವಳು ಟವೆಲ್ಲನ್ನು ಗಡಿಬಿಡಿಯ ಕೈಗಿಟ್ಟಳು. "ತಗೋಪ್ಪ. ಚೆನ್ನಾಗಿ ಉಜ್ಜಿದೆ, ಗ್ರೀಸ್ ಕಲೆ ಹೋಗಲಿಲ್ಲ."

ಯಜಮಾನರು ಬೆರಳಲ್ಲಿದ್ದ ಕೀಯನ್ನು ಒಮ್ಮೆ ನೋಡಿ, ಮಾಮನಿಗೆ ಚಾಚಿದರು.

ಮಾಮ ಮೊದಲು ಟ್ರೇಲರಿಗೆ ಪೂರ್ತಿ ಒಂದು ಸುತ್ತು ಹಾಕಿದ. ಆಕ್ಸಲ್ ಮುಂದೆ ತಂದು, ಪಿನ್ನು ಕೂತಿದೆಯಾ ಅಂತ ಒದ್ದು ನೋಡಿದ. ಕ್ಯಾಬಿನ್ ಹತ್ತುವ ಮುಂಚೆ ಹಿಂದೆ ತಿರುಗಿ, "ಏನೇ, ಬರ್ತೀಯಾ?" ಅಂದ.

"ನಾನಾ? ನಾನ್ಯಾಕೆ?"

"ಬಾ. ದಿನಾ ಗ್ಲಾಸು ಒರೆಸ್ತೀಯ. ಅದರಲ್ಲಿ ಏನು ಕಾಣುತ್ತೆ ಅಂತ ಒಂದು ದಿನಾನೂ ನೋಡಿಲ್ಲ."

ಅತ್ತೆ ಸೀರೆ ಎತ್ತಿಕಟ್ಟಿ, ಚೂಟಿಯ ಹೆಗಲು ಹಿಡಿದು ಹತ್ತಿದಳು. ಲಾರಿ ಮೊದಲು ಯಾರ್ಡಿನೊಳಗೆ ಹಿಂದೆ ಸರಿದು, ಮತ್ತೆ ತಿರುವಿನ ಕಡೆ ಹೊರಟಿತು. ಗೇಟಿನ ಮುಂಚೆಯೇ ವೇಗ ಇಳಿಯಿತು. ಮೂತಿ ಹೊರ ಅಂಚನ್ನು ಸವರಿಕೊಂಡು, ತನ್ನ ಹಳೇ ಗುರುತಿನ ಮೇಲೇ ಹೋಯಿತು. ಗೇಟಿನ ಹೊರಗೆ ನಿಂತ ಚೂಟಿಗೆ ಕಿಟಕಿಯಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಅತ್ತೆ ಉಸಿರು ಬಿಗಿಹಿಡಿದು, ತಾನೇ ಒರೆಸಿದ ಕನ್ನಡಿಯನ್ನು ದಿಟ್ಟಿಸುತ್ತಿದ್ದಳು.

"ಬಾಲ ಬಂತೇನೇ?" ಮಾಮ ಕೇಳಿದ್ದು ಇಂಜಿನ್ನಿನ ಸದ್ದಿನ ಮೇಲೂ ಕೇಳಿಸಿತು.

ಮುರಿದ ಬೆಂಚಿನಿಂದ ದೂರ, ಬೇಕಾದಷ್ಟು ಜಾಗ ಬಿಟ್ಟು, ಕೊನೆಯ ಚಕ್ರವೂ ತಿರುವು ದಾಟಿತು.

"ಬಂತು ರೀ," ಅಂದಳು ಅತ್ತೆ. "ಇನ್ಮೇಲೆ ನನ್ನ ಕೇಳಿ, ಹೇಳ್ತೀನಿ."